ಹದಿನೇಳನೇ ಫಾರಂ

"ಕುದುರೆ ಲಾಯದವನನ್ನ ಕೊಂದೇಬಿಟ್ರಲ್ಲ ಮೇಡಂ. ಪಾಪ, ಯಾತಕ್ಕೆ ಸತ್ತೆ ಅಂತ ಅವನಿಗೂ ಗೊತ್ತಾಗಲಿಲ್ಲ."

ಅವಳು ತಿದ್ದುತ್ತಿದ್ದ ಕರಡಿನಿಂದ ತಲೆಯೆತ್ತಿದಳು. ಬಾಗಿಲಲ್ಲಿ ಮಷಿನ್‌ಮ್ಯಾನ್ ನಿಂತಿದ್ದ. ಆಗತಾನೇ ಅಚ್ಚಾದ ದೊಡ್ಡ ಷೀಟೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದ, ಒದ್ದೆ ಪಂಚೆ ಒಣಹಾಕಲು ಬಂದವನ ಹಾಗೆ. ಷೀಟಿನ ಮೇಲಂಚಿನಿಂದಾಚೆ ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಆ ಕಣ್ಣು ನಗುತ್ತಿರಲಿಲ್ಲ. ದಿನವೂ ನಗುತ್ತಿದ್ದವು, ಅದನ್ನು ಅವಳು ಗಮನಿಸಿದ್ದಳು.

"ನೀವು ಓದಿದ್ರಾ?"

"ಓದಬಾರದಿತ್ತಾ?"

ಮಷಿನ್ ಓಡಿಸುವವರು ಮಸಿ ನೋಡುತ್ತಾರೆ, ಅಕ್ಷರ ನೋಡುವುದಿಲ್ಲ ಅನ್ನುವುದು ಆ ಪ್ರೆಸ್ಸಿನಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಅವಳೂ ಒಪ್ಪಿಕೊಂಡಿದ್ದಳು. ಅವಳ ಇಡೀ ಲೆಕ್ಕಾಚಾರ ನಿಂತಿದ್ದೇ ಆ ಮಾತಿನ ಮೇಲೆ.

"ಇದು ಹದಿನೇಳನೇದು. ಹಿಂದಿನ ಹದಿನಾರು ಫಾರಂನೂ ಓದಿದ್ದೀನಿ, ಫಾರಮ್ಮಿಗೆ ಹದಿನಾರು ಪುಟದ ಹಾಗೆ," ಅಂದ ಅವನು. "ನಿಮ್ಮ ಹಾಗೆ ಒಂದಾದ ಮೇಲೊಂದು ಪುಟ ಅಲ್ಲ. ಷೀಟಿನಲ್ಲಿ ಹೇಗೆ ಕೂತಿರುತ್ತೋ ಹಾಗೆ. ಒಂದರ ಪಕ್ಕ ಹದಿನಾರು, ನಾಲ್ಕರ ಪಕ್ಕ ಹದಿಮೂರು. ಅರ್ಧಕ್ಕರ್ಧ ತಲೆಕೆಳಗೆ."

"ಹಾಗೆ ಓದಿದ್ರೆ ಕಥೆ ಅರ್ಥ ಆಗುತ್ತಾ?"

"ಮೊದಲು ಅಳ್ತಾರೆ, ಯಾಕೆ ಅತ್ತರು ಅಂತ ಆಮೇಲೆ ಗೊತ್ತಾಗುತ್ತೆ. ನಮ್ಮನೇಲೂ ಹಾಗೇ, ಅಭ್ಯಾಸ ಇದೆ."

ಅವಳಿಗೆ ನಗು ಬಂತು. ಅವನು ನಗಲಿಲ್ಲವಾದ್ದರಿಂದ ನುಂಗಿಕೊಂಡಳು.

ಅವಳ ಕಾದಂಬರಿ ಒಂದು ರಾಜ್ಯದ ಕಥೆ. ಅಲ್ಲಿ ಅರಮನೆಯಲ್ಲಿ ಹುಟ್ಟಿದವರ ಮಾತನ್ನು ಬೆಂಕಿ ಕೇಳುತ್ತದೆ. ಕಿರಿಯ ರಾಜಕುಮಾರಿಯ ಮಾತಿಗೆ ಮಾತ್ರ ದೀಪದ ಬತ್ತಿಯೂ ಹೊತ್ತುವುದಿಲ್ಲ. ತಂದೆ ಸತ್ತ ಮೇಲೆ ಚಿಕ್ಕಪ್ಪ ಸಿಂಹಾಸನ ಏರುತ್ತಾನೆ, ಅವಳನ್ನು ಒಲೆಯ ಬೂದಿ ಬಳಿಯಲು ಹಚ್ಚುತ್ತಾನೆ. ಇನ್ನೂರ ಎಪ್ಪತ್ತೆರಡು ಪುಟದಲ್ಲಿ ಅವಳು ಸೇಡು ತೀರಿಸಿಕೊಳ್ಳುತ್ತಾಳೆ.

ಇದನ್ನು ಎಲ್ಲಿಂದ ತಂದಳು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಪ್ರೆಸ್ ಕಟ್ಟಿದವನು ಅವಳ ಅಪ್ಪ. ಅಪ್ಪ ತೀರಿಹೋಗಿ ವರ್ಷ ತುಂಬುವುದರೊಳಗೆ ಚಿಕ್ಕಪ್ಪ ಬೋರ್ಡು ಬದಲಿಸಿದ, ಹೆಸರು ಬದಲಿಸಿದ, ಅವಳಿಗೆ ಮೂಲೆಯಲ್ಲೊಂದು ಕುರ್ಚಿ ಹಾಕಿಸಿ ಕರಡು ತಿದ್ದಲು ಕೂರಿಸಿದ. ಮನೆಮಗಳನ್ನು ಕೈಬಿಡಲಿಲ್ಲ ನೋಡಿ ಎಂದು ಬಂದವರಿಗೆಲ್ಲ ಹೇಳಿದ. ಕೆಲಸದವರು ಅವಳಿಗೆ ‘ಯುವರಾಣಿ’ ಎಂದು ಹೆಸರಿಟ್ಟರು. ಅದರಲ್ಲಿ ಕುಹಕವೂ ಇತ್ತು, ಕನಿಕರವೂ ಇತ್ತು. ಅವಳಿಗೆ ಎರಡೂ ಬೇಕಿರಲಿಲ್ಲ.

"ಮಕ್ಕಳ ಕಥೆ ತಾನೇ? ಹಾಕಿಸ್ಕೊ," ಎಂದಿದ್ದ ಚಿಕ್ಕಪ್ಪ. ಅವನು ನೋಡಿ ಸಹಿ ಮಾಡುವುದು ಮುಖಪುಟಕ್ಕೆ ಮತ್ತು ಮೊದಲನೇ ಫಾರಮ್ಮಿಗೆ ಮಾತ್ರ. ಉಳಿದದ್ದರ ಕಡೆ ತಲೆಹಾಕಿಯೂ ಮಲಗುವವನಲ್ಲ. ಅದಕ್ಕೇ ಅವಳು ಮಾಡಬೇಕಾದ್ದನ್ನು ಕೊನೆಯ ಫಾರಮ್ಮಿನಲ್ಲಿ ಮಾಡಿದ್ದಳು.

ಮಷಿನ್‌ಮ್ಯಾನ್ ಷೀಟನ್ನು ಮೇಜಿನ ಮೇಲೆ ಹರವಿ, ಕೊನೆಯ ಪುಟದ ಬುಡಕ್ಕೆ ಬೆರಳಿಟ್ಟ. ‘ಮುದ್ರಣ’ ಎಂದಿದ್ದ ಕಡೆ ಅಪ್ಪ ಇಟ್ಟಿದ್ದ ಹಳೆಯ ಹೆಸರು. ಅದರ ಕೆಳಗೆ, ಸ್ಥಾಪಕರು ಎಂದು ಅಪ್ಪನ ಹೆಸರು.

"ಯಜಮಾನರು ಇದನ್ನ ನೋಡಿದ ದಿನ ಯಾರನ್ನ ಕರೀತಾರೆ? ನೀವು ಅಣ್ಣನ ಮಗಳು. ಮಷಿನ್ ಓಡಿಸಿದವನು ನಾನು."

ಅವಳು ಆ ಎರಡು ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

"ನಿಮ್ಮ ಲಾಯದವನಿಗೂ ಹೀಗೇ ಆಯ್ತು. ರಾಜಕುಮಾರಿ ಕಾಗದ ಮಡಿಸಿ ಕೊಟ್ಟಳು. ಒಳಗೇನಿದೆ ಅಂತ ತಿಳೀದೆ ಒಯ್ದ. ಸಿಕ್ಕಿಬಿದ್ದ. ಅವಳು ಎರಡು ಪ್ಯಾರಾ ಅತ್ತಳು."

"ಮೊದಲೇ ಹೇಳಿದ್ರೆ ನೀವು ಬೇಡ ಅಂತಿದ್ರೇನೋ ಅಂತ…"

"ಕೇಳಿದ್ರಾ?"

"ಇಲ್ಲ."

"ನಿಮ್ಮ ಚಿಕ್ಕಪ್ಪನೂ ಕೇಳಲ್ಲ."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಅವನು ಹೊರಟವನು ಹೊಸ್ತಿಲಲ್ಲಿ ತಿರುಗಿದ. ಈಗ ಕಣ್ಣಿನ ಮೂಲೆಯಲ್ಲಿ ಆ ಹಳೆಯ ಗೆರೆಗಳು ಮೂಡಿದ್ದವು.

"ಇನ್ನೊಂದು ತಪ್ಪಿದೆ. ಇನ್ನೂರ ಅರವತ್ತನಾಲ್ಕನೇ ಪುಟ. ಲಾಯದವನ ಉಗುರಿನ ಸಂದೀಲಿ ಮಸಿ ಕೂತಿತ್ತು, ಎಷ್ಟು ತೊಳೆದ್ರೂ ಹೋಗ್ತಿರಲಿಲ್ಲ ಅಂತ ಬರೆದಿದ್ದೀರಿ."

"ಹೂಂ?"

"ಕುದುರೆಗೆ ಮಸಿ ಬಳೀತಿದ್ನಾ?"

ಅವಳು ಆ ಪುಟವನ್ನು ನಾಲ್ಕು ಸಲ ತಿದ್ದಿದ್ದಳು. ಊರವರ ಪುಸ್ತಕದಲ್ಲಿ ಬಿಟ್ಟುಹೋದ ಚುಕ್ಕೆಯನ್ನೂ ಹೆಕ್ಕುವ ಕಣ್ಣು. ನಾಲ್ಕು ಸಲವೂ ಆ ಮಸಿ ಅವಳಿಗೆ ತಪ್ಪೆಂದು ತೋರಲೇ ಇಲ್ಲ. ಪ್ರೀತಿಸಬಹುದಾದ ಗಂಡಸಿನ ಕೈ ಇರುವುದೇ ಹಾಗೆ ಎಂದು ಅವಳ ಮನಸ್ಸು ಎಂದೋ ತೀರ್ಮಾನ ಮಾಡಿಬಿಟ್ಟಿತ್ತು.

ಅವಳ ಕಿವಿಯ ತುದಿ ಬಿಸಿಯಾಯಿತು. ಅವನು ತನ್ನ ಕೈಗಳನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿಕೊಂಡ. ಇಬ್ಬರೂ ಒಂದೇ ಷೀಟನ್ನು ನೋಡುತ್ತ ನಿಂತರು. ಇಬ್ಬರೂ ಒಂದಕ್ಷರವನ್ನೂ ಓದಲಿಲ್ಲ.

"ಮಷಿನ್ ನಿಲ್ಸಿ," ಅಂದಳು ಅವಳು ಕೊನೆಗೆ. ಷೀಟು ಎತ್ತಿಕೊಂಡು ನೇರ ಮಹಡಿಯಲ್ಲಿದ್ದ ಚಿಕ್ಕಪ್ಪನ ಗಾಜಿನ ಕೋಣೆಗೆ ನಡೆದಳು.

"ಏನಮ್ಮ ಯುವರಾಣಿ, ದಂಡೆತ್ತಿ ಬಂದ ಹಾಗಿದೆ?" ಚಿಕ್ಕಪ್ಪ ಚಹಾದ ಲೋಟ ಕೆಳಗಿಡದೆಯೇ ನಕ್ಕ. ಅವನು ಕೂತಿದ್ದು ಅಪ್ಪನ ಕುರ್ಚಿಯಲ್ಲಿ. ಸೀಟಿಗೆ ಹೊಸ ಬಟ್ಟೆ ಹೊದಿಸಿದ್ದ.

"ಇದಕ್ಕೆ ನಿಮ್ಮ ಸಹಿ ಬೇಕು."

ಅವನು ಷೀಟನ್ನು ಅತ್ತಿತ್ತ ತಿರುಗಿಸಿ ಬುಡದ ಸಾಲಿಗೆ ಬಂದ. ನಗು ಅಲ್ಲೇ ಇಂಗಿತು.

"ಯಾರು ಹಾಕಿದ್ದು ಇದನ್ನ?"

"ನಾನು. ಮಷಿನ್ ಓಡಿಸೋರಿಗೂ ಹೇಳಿರಲಿಲ್ಲ. ಕದ್ದು ಹಾಕಿಸೋಣ ಅಂತಿದ್ದೆ, ಈಗ ಬೇಡ ಅನ್ನಿಸ್ತು."

"ಸತ್ತವರ ಹೆಸರಲ್ಲಿ ಪ್ರೆಸ್ ನಡೆಯಲ್ಲ, ಪುಟ್ಟಿ."

"ಬದುಕಿದ್ದಾಗ ಅಪ್ಪ ನಡೆಸಿದ್ರಲ್ಲ. ಅಷ್ಟನ್ನೇ ಹಾಕಿದ್ದೀನಿ."

"ಆ ಸಾಲು ತೆಗಿ. ಸಂಜೆಯೊಳಗೆ ಮುಗಿಸಿಕೊಡ್ತೀನಿ."

"ತೆಗೆಯಲ್ಲ."

"ಹಾಗಾದ್ರೆ ಈ ಫಾರಂ ನನ್ನ ಮಷಿನ್ ಏರಲ್ಲ. ಬಾಲ ಇಲ್ಲದ ಕಥೆ ಹೊತ್ಕೊಂಡು ಹೋಗು."

ಕಾದಂಬರಿಯಲ್ಲಾಗಿದ್ದರೆ ಈ ಗಳಿಗೆಯಲ್ಲಿ ಬೆಂಕಿ ಅವಳ ಮಾತು ಕೇಳಬೇಕಿತ್ತು. ಇಲ್ಲಿ ತಲೆಯ ಮೇಲೆ ಫ್ಯಾನ್ ಕಿರುಗುಟ್ಟಿತು, ಅಷ್ಟೇ.

"ಆಗಲಿ," ಅಂದಳು. "ಅಚ್ಚಾಗಿರೋ ಹದಿನಾರು ಫಾರಂ ಎತ್ಕೊಂಡು ಹೋಗ್ತೀನಿ. ಕೊನೇದನ್ನ ಎದುರುಗಡೆ ಪ್ರೆಸ್ಸಲ್ಲಿ ಹಾಕಿಸ್ತೀನಿ."

ಚಿಕ್ಕಪ್ಪ ಹಾಯಾಗಿ ಹಿಂದಕ್ಕೆ ಒರಗಿದ. "ಹಾಕಿಸು. ನನ್ನ ಗೋಡೌನಿನ ಕಾಗದ ಒಂದು ಹಾಳೇನೂ ಮುಟ್ಟಬೇಡ. ಇಲ್ಲೀವರೆಗೆ ಅಚ್ಚಾಗಿರೋದು ಹಳದಿ ಛಾಯೆಯದು. ಆ ಪ್ರೆಸ್ಸಿನವನ ಹತ್ತಿರ ಇರೋದು ಹಾಲುಬಿಳಿ. ನಿನ್ನ ಪುಸ್ತಕ ತೇಪೆ ಹಾಕಿದ ಅಂಗಿ ಹಾಗೆ ಕಾಣುತ್ತೆ."

ಅವಳು ಒಂದು ಕ್ಷಣ ಯೋಚಿಸಿದಳು. ಅವನು ಹೇಳಿದ್ದು ನಿಜ. ಆಮೇಲೆ ಅದೇ ನಿಜದ ಇನ್ನೊಂದು ಮಗ್ಗುಲು ಕಂಡಿತು.

"ಕಾಣಲಿ ಚಿಕ್ಕಪ್ಪ. ಪುಸ್ತಕ ಬಿಡಿಸಿದ ಪ್ರತಿಯೊಬ್ಬರೂ ಕೇಳ್ತಾರೆ, ಕೊನೇ ಹದಿನಾರು ಪುಟ ಯಾಕೆ ಬೇರೆ ಬಣ್ಣ ಅಂತ. ಕೇಳಿದೋರಿಗೆಲ್ಲ ನಾನು ಹೇಳ್ತೀನಿ. ನೀವು ಬೇಡ ಅಂದಿದ್ದಕ್ಕೇ ಆ ಹೆಸರು ಎದ್ದು ಕಾಣುತ್ತೆ."

ಲೋಟ ಅವನ ತುಟಿಯ ಹತ್ತಿರ ಹೋಗಿ ನಿಂತಿತು.

"ನಾಳೆಯಿಂದ ಈ ಕಡೆ ಬರಬೇಡ."

"ಇವತ್ತೇ ಹೋಗ್ತಿದ್ದೀನಿ."

ಮಷಿನ್ ಕೋಣೆಯಲ್ಲಿ ಸದ್ದಿರಲಿಲ್ಲ. ಮಷಿನ್‌ಮ್ಯಾನ್ ಯಂತ್ರಕ್ಕೆ ಒರಗಿ ಕಾಯುತ್ತಿದ್ದ. ಅವಳು ನಡೆದದ್ದನ್ನು ನಾಲ್ಕು ಮಾತಲ್ಲಿ ಹೇಳಿದಳು. ಚಿಕ್ಕಪ್ಪನ ಮುಂದೆ ಸಲೀಸಾಗಿ ಹೊರಟಿದ್ದ ಮಾತನ್ನು ಇಲ್ಲಿ ಹುಡುಕಬೇಕಾಯಿತು.

"ಈ ಸಲ ಮೊದಲೇ ಕೇಳ್ತೀನಿ. ಇದನ್ನೆಲ್ಲ ರಸ್ತೆ ದಾಟಿಸಬೇಕು. ನನ್ನೊಬ್ಬಳ ಕೈಲಿ ಆಗಲ್ಲ. ನೀವು ಬಂದ್ರೆ ಕೆಲಸ ಹೋಗುತ್ತೆ. ಹೋಗಬಹುದು ಅಂತಲ್ಲ, ಹೋಗುತ್ತೆ. ಬರಲ್ಲ ಅಂದ್ರೆ ನನಗೆ ಎಳ್ಳಷ್ಟೂ ಬೇಜಾರಿಲ್ಲ."

"ಎಳ್ಳಷ್ಟೂ?"

"…ಎಳ್ಳಷ್ಟು ಇದೆ."

ಅವನು ಈಗ ನಕ್ಕ, ಬಾಯಿತುಂಬ. "ಲಾಯದವನ ಗತಿ?"

"ಬದುಕ್ತಾನೆ. ಆ ಪ್ರೆಸ್ಸಿಗೆ ಅಚ್ಚಿನ ಪ್ಲೇಟು ಹೇಗೂ ಹೊಸದು ಮಾಡಿಸಬೇಕು, ಆ ಪುಟ ತಿದ್ದಿ ಬರೀತೀನಿ. ಕಾಗದ ಓದಿ ನೋಡ್ತಾನೆ, ಮನಸ್ಸಿದ್ರೆ ಒಯ್ಯುತ್ತಾನೆ."

"ಮನಸ್ಸಿದೆ," ಅಂದ ಅವನು. "ರಾಣಿಗೆ?"

ಅವಳು ಉತ್ತರ ಕೊಡುವ ಮೊದಲೇ ಹಿಂದಿನಿಂದ, ಅಲ್ಲೇ ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕನ ಕೂಗು ಬಂತು. "ಅಯ್ಯೋ, ದಾರಿಗಡ್ಡ ನಿಂತು ಮಾತಾಡ್ತೀರಲ್ರಪ್ಪ! ಟ್ರಾಲಿ ತಂದಿದ್ದೀನಿ, ಮೊದಲು ತುಂಬಿ. ಉಳಿದದ್ದನ್ನ ಆಮೇಲೆ ಹೇಗೂ ಹೇಳ್ಕೋತೀರಿ, ಆರು ತಿಂಗಳಿಂದ ನೋಡ್ತಾನೇ ಇದ್ದೀನಿ."

ತುಂಬಿದರು. ಷೀಟುಗಳು ಎದೆಯೆತ್ತರ ಏರಿದವು. ನಟ್ಟನಡು ಮಧ್ಯಾಹ್ನ, ವಾಹನಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಓಡುತ್ತಿದ್ದ ಹೊತ್ತಿನಲ್ಲಿ ಟ್ರಾಲಿಯನ್ನು ರಸ್ತೆಗೆ ಇಳಿಸಿದರು. ಸರಿಯಾಗಿ ನಡುವಿಗೆ ಬಂದಾಗ ಮುಂದಿನ ಚಕ್ರ ಗುಂಡಿಯಲ್ಲಿ ಕೂತಿತು. ಒಂದು ಬಸ್ಸು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಮಹಡಿಯ ಕಿಟಕಿಯಲ್ಲಿ ಚಿಕ್ಕಪ್ಪ ನಿಂತಿದ್ದು ಕಂಡಿತು. ಅವಳು ಎರಡನೇ ಸಲ ಆ ಕಡೆ ನೋಡಲಿಲ್ಲ.

"ನನಗೆ ನೀವಂದ್ರೆ ಇಷ್ಟ," ಅಂದಳು. "ಬಾಯಲ್ಲಿ ಹೇಳೋಕೆ ಆಗದೆ ಕಥೇಲಿ ಬರೆದೆ. ಮುಂದೆ ಬರೆಯೋಕೆ ಬರದೆ ಲಾಯದವನನ್ನ ಸಾಯಿಸಿಬಿಟ್ಟೆ."

"ನಡುರಸ್ತೇಲಿ ಹೇಳ್ತಿದ್ದೀರಿ!"

"ಹಿಂದೆ ಬಸ್ಸು, ಮುಂದೆ ಲಾರಿ. ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ."

"ತಪ್ಪಿಸ್ಕೊಳ್ಳೋನು ಟ್ರಾಲಿಗೆ ಕೈ ಹಾಕ್ತಿದ್ನಾ?" ಅವನು ಹಿಡಿಯ ಮೇಲೆ ಅವಳ ಕೈಯ ಪಕ್ಕಕ್ಕೇ ತನ್ನ ಕೈ ಸರಿಸಿದ, ಕಿರುಬೆರಳಿಗೆ ಕಿರುಬೆರಳು ತಾಗುವಷ್ಟು. "ನನಗೂ ಇಷ್ಟ. ಇನ್ಮೇಲೆ ಮೇಡಂ ಅನ್ನಲ್ಲ, ಬೇಜಾರಿಲ್ಲ ತಾನೇ?"

ಬಸ್ಸಿನವನು ತಲೆ ಹೊರಹಾಕಿ ಇಬ್ಬರಿಗೂ ಸೇರಿಸಿ ಒಂದು ಬೈಗುಳ ಬಿಟ್ಟ.

"ಬೇಜಾರಿಲ್ಲ. ತಳ್ಳು," ಅಂದಳು ಅವಳು.

ಇಬ್ಬರೂ ಹೆಗಲು ಕೊಟ್ಟರು. ಚಕ್ರ ಗುಂಡಿಯಿಂದ ಮೇಲೆದ್ದಿತು.