ಅವನೇ ಕಲಸಿದ ನೀಲಿ

ಮಳೆಗಾಲ ಮುಗಿಯುತ್ತ ಬಂದಿದ್ದರೂ ಗಾಳಿಯ ತೇವ ಇಳಿದಿರಲಿಲ್ಲ. ಹೊಡೆದ ಬಣ್ಣ ಬೇಗ ಒಣಗುತ್ತಿರಲಿಲ್ಲ. ಕಾರುಗಳಿಗೆ ಬಣ್ಣ ಹೊಡೆಯುವವನು ತನ್ನ ತಗಡಿನ ಶೆಡ್ಡಿನಲ್ಲಿ ಬಿಚ್ಚಿಟ್ಟ ಕಾರಿನ ಬಾಗಿಲೊಂದರ ಮುಂದೆ ದೊಡ್ಡ ಬಲ್ಬು ಉರಿಸಿಟ್ಟು, ಇನ್ನೊಂದು ಬಾಗಿಲನ್ನು ನೀರು ಚಿಮುಕಿಸಿ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತ ಕೂತಿದ್ದ.

ಆಗ ಹಳೆಯ ನೀಲಿ ಕಾರೊಂದು ಹಿಂದಕ್ಕೆ ಸರಿಯುತ್ತ ಒಳಗೆ ಬಂತು. ನಿಂತಿದ್ದ ಗಾಡಿಗಳ ನಡುವಿನ ಇಕ್ಕಟ್ಟಿನಲ್ಲಿ, ಎರಡೂ ಕಡೆ ಗೇಣಗಲ ಬಿಟ್ಟು, ಒಂದೇ ಸಲಕ್ಕೆ ನಿಂತಿತು.

ಇಳಿದವಳು ಬೀಜದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ.

"ಈ ಗೀರು ಹೋಗ್ಬೇಕು. ಸಂಜೆಯೊಳಗೆ. ಇತ್ತು ಅಂತಾನೇ ಗೊತ್ತಾಗ್ಬಾರ್ದು!"

ಎಡಗಡೆ, ಮುಂದಿನ ಚಕ್ರದ ಮೇಲೆ ಉದ್ದನೆಯ ಗೀರು. ಬಣ್ಣ ಎದ್ದು ತಗಡು ಕಾಣುತ್ತಿತ್ತು. ಒಳಗೆ ಸುಣ್ಣದ ಪುಡಿ.

"ಗೋಡೆಗೆ ಮುತ್ತು ಕೊಟ್ರಾ ಮೇಡಂ?"

"ಬಣ್ಣ ಹಾಕೋಕೆ ಬಂದಿದೀನಿ. ಹಾಸ್ಯ ಕೇಳೋಕಲ್ಲ."

ಅವಳ ಕಣ್ಣು ತುಂಬಿದ್ದನ್ನು ನೋಡಿ ಅವನು ಬಣ್ಣದ ಡಬ್ಬಿಗಳನ್ನು ಇಳಿಸತೊಡಗಿದ.

ಬಿಸಿಲಿಗೆ ಮಾಸಿದ ಆ ನೀಲಿಗೆ ಅಂಗಡಿಯ ಯಾವ ಡಬ್ಬಿಯೂ ಹೊಂದಲಿಲ್ಲ. ಅವನು ನೀಲಿಗೆ ಚೂರು ಕಪ್ಪು, ಒಂದಿಷ್ಟು ಬಿಳಿ, ಹನಿ ಹನಿಯಾಗಿ ಕಲಸಿದ. ತಗಡಿನ ಚೂರಿಗೆ ಹಚ್ಚಿ ಒಣಗಿಸಿ, ಬಾಗಿಲಾಚೆಯ ಬೆಳಕಿಗೆ ಹಿಡಿದು ನೋಡಿದ. ತಲೆಯಾಡಿಸಿ ಮತ್ತೆ ಕಲಸಿದ.

ಸಂಜೆಗೆ ಗೀರು ಎಲ್ಲಿತ್ತೆಂದು ಅವಳಿಗೇ ತಿಳಿಯಲಿಲ್ಲ.

"ಉಳಿದದ್ದನ್ನ ಬಾಟಲಿಯಲ್ಲಿ ಎತ್ತಿಡ್ತೀನಿ. ಈ ಊರಲ್ಲಿ ಈ ನೀಲಿ ನಿಮ್ಮೊಂದೇ ಗಾಡಿಗೆ."

ಮೊದಲ ಸಲ ಅವಳು ನಕ್ಕಳು.

ಗೀರು ಅವಳದಾಗಿರಲಿಲ್ಲ... ಅಪ್ಪನದು. ಜೀವಮಾನವೆಲ್ಲ ಬೇರೆಯವರ ಕಾರು ಓಡಿಸಿ, ವಯಸ್ಸಾದ ಮೇಲೆ ಕೊಂಡ ಸ್ವಂತ ಗಾಡಿ. ಅಮ್ಮ ತೀರಿಕೊಂಡ ಮೇಲೆ ಅವರು ಊಟದ ಹೊತ್ತು ಮರೆತಿದ್ದರು, ಗಾಡಿ ಒರೆಸುವುದನ್ನು ಮರೆತಿರಲಿಲ್ಲ. ಈಗ ಕಣ್ಣಿಗೆ ಮಂಜು. ಗೇಟಿನ ಕಂಬ ತಾಕಿದ್ದು ತಿಳಿಯುತ್ತಿರಲಿಲ್ಲ. ಆದರೆ ಬೆಳಿಗ್ಗೆ ಒರೆಸುವಾಗ ಬೆರಳಿಗೆ ಗೀರು ಸಿಕ್ಕರೆ?

'ಅಪ್ಪನ ಎದೆ ಒಡೆಯುತ್ತೆ. ಮಾರ್ಕೆಟ್ಟಿಗೆ ಹೋಗಿ ಬರೋದಷ್ಟೇ ಅಲ್ವಾ... ಓಡಿಸಲಿ ಬಿಡು!'

ಹೀಗೆಂದುಕೊಂಡು ಅವಳು ಮತ್ತೆ ಬಂದಳು. ಮತ್ತೆ ಮತ್ತೆ ಬಂದಳು. ಬಣ್ಣ ಒಣಗುವ ತನಕ ಮಗುಚಿಟ್ಟ ಡ್ರಮ್ಮಿನ ಮೇಲೆ ಕೂತು, ಮೊಳೆಯದ ಬೀಜಕ್ಕೆ ತನ್ನ ಜೊತೆ ಜಗಳಕ್ಕೆ ಬರುವ ರೈತರ ಕಥೆ ಹೇಳುತ್ತಿದ್ದಳು. ಅವನು ಉಜ್ಜುತ್ತಲೇ ನಗುತ್ತಿದ್ದ. ಗೀರು ಬಿದ್ದ ದಿನ ಭಯದ ಜೊತೆಗೆ ಇನ್ನೇನೋ ಒಂದು ಎದೆಯಲ್ಲಿ ಮಿಡಿಯುವುದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿ ನಾಚಿಕೆಯೂ ಆಗಿತ್ತು.

ಆದರೆ ಒಂದು ದಿನ ಅವನು ಬಾಟಲಿ ತೆಗೆಯಲಿಲ್ಲ. ಗೀರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, "ಇದು ಸುಣ್ಣ ಅಲ್ಲ. ಕೆಂಪು ಬಣ್ಣ."

"ಏನೋ ತಾಗಿರಬೇಕು. ಬೇಗ ಮುಗಿಸಿ."

"ಇದನ್ನ ನಾನು ಮುಚ್ಚಲ್ಲ."

"ಯಾಕೆ?!"

"ಹಾಲು ಹಾಕೋ ಅಕ್ಕನ ಕೆಂಪು ಸೈಕಲ್ಲು ನಿನ್ನೆ ಪಕ್ಕದ ಸೈಕಲ್ ಶಾಪಿಗೆ ಬಂದಿತ್ತು. ಮಡ್‌ಗಾರ್ಡ್ ಸೊಟ್ಟಗಾಗಿದೆ. ಅಕ್ಕನ ಕೈ ಮುರಿದಿದೆ. ಬೀಳಿಸಿದೋರು ತಿರುಗಿ ಕೂಡ ನೋಡ್ಲಿಲ್ವಂತೆ. ಆ ಮಡ್‌ಗಾರ್ಡ್ ಮೇಲೆ ನಾನು ಕಲಸಿದ ನೀಲಿ ಅಂಟಿತ್ತು."

ಅವಳು ಗೀರಿನ ಮೇಲೆ ಅಂಗೈ ಮುಚ್ಚಿದಳು.

"ನಾನೇ... ನಾನೇ ಓಡಿಸ್ತಿದ್ದೆ."

"ಸುಳ್ಳು ಹೇಳ್ಬೇಡಿ. ಮೊದಲ ದಿನ ಗಾಡಿ ಒಳಗೆ ತಂದ್ರಲ್ಲ, ಆಗಲೇ ಗೊತ್ತಾಯ್ತು. ಹಾಗೆ ರಿವರ್ಸ್ ತಗೊಳ್ಳೋರು ಗೋಡೆಗೆ ಗುದ್ದಲ್ಲ. ಮಾರ್ಕೆಟ್ಟಿಗೆ ಈ ಗಾಡಿ ಓಡಿಸೋದು ನಿಮ್ಮಪ್ಪನೇ ಅಲ್ವಾ."

"ಗೊತ್ತಿದ್ದೂ ಸುಮ್ನಿದ್ರಾ? ಈಗ ದೊಡ್ಡ ಮನುಷ್ಯರ ಹಾಗೆ ಮಾತಾಡ್ತೀರಾ! ನನ್ನ ನೋಡಿ ಒಳಗೊಳಗೇ ನಗ್ತಿದ್ರಾ?"

"ಇಲ್ಲ." ಅವನು ಎದ್ದು ನಿಂತ. "ಕೇಳಿಬಿಟ್ರೆ ನೀವು ಬರೋದು ನಿಂತುಹೋಗುತ್ತೆ ಅಂತ ಕೇಳ್ಲಿಲ್ಲ. ನಾನು ಚೆನ್ನಾಗಿ ಮುಚ್ಚಿದಷ್ಟೂ ನಿಮ್ಮಪ್ಪ ಧೈರ್ಯವಾಗಿ ಓಡಿಸಿದ್ರು. ಅಕ್ಕನ ಕೈ ಮುರಿದಿದ್ರಲ್ಲಿ ನನ್ನ ಪಾಲೂ ಇದೆ."

ಅವಳು ಗಾಡಿ ತೆಗೆದುಕೊಂಡು ಹೊರಟುಬಿಟ್ಟಳು. ಗೀರು ಹಾಗೇ ಇತ್ತು.

ಅಪ್ಪ ಜಗಲಿಯಲ್ಲಿ ಕೂತಿದ್ದರು. ಅವಳು ಅವರ ಕೈ ಹಿಡಿದು ಕರೆತಂದು, ಬೆರಳನ್ನು ಗೀರಿನ ಮೇಲಿಟ್ಟು, ಎಲ್ಲವನ್ನೂ ಹೇಳಿದಳು. ಬೆರಳು ಒಮ್ಮೆ ಮುಂದೆ ಹೋಯಿತು, ಹಿಂದೆ ಬಂತು.

"ಇಂಥವು ಎಷ್ಟಿದ್ವು?"

"ಲೆಕ್ಕ ಇಟ್ಟಿಲ್ಲ ಅಪ್ಪಾ..."

"ಕಣ್ಣು ನನಗೆ ಅರ್ಧ ಮೋಸ ಮಾಡ್ತು. ಉಳಿದರ್ಧ ನೀನು ಮಾಡ್ದೆ."

ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದರು. ಅವಳು ಬಡಿಸಿದ ತಟ್ಟೆ ಮುಟ್ಟಲಿಲ್ಲ.

ಮರುದಿನ ಹಾಲಿನವಳ ಮನೆಗೆ ಅಪ್ಪ ನಡೆದೇ ಹೊರಟರು. ಮಗಳ ಕೈ ಹಿಡಿಯಲಿಲ್ಲ; ಗೋಡೆ ಸವರಿಕೊಂಡು ನಡೆದರು. ಅವಳು ಹೆಜ್ಜೆ ಹಿಂದೆ. ಆ ಮನೆಯ ಮುಂದೆ ಬಣ್ಣದವನು ಮೊದಲೇ ನಿಂತಿದ್ದ.

ಬ್ಯಾಂಡೇಜಿನ ಕೈ ಹಿಡಿದು ಹಾಲಿನವಳು ಹೊರಗೆ ಬಂದಳು.

"ಬೀಳಿಸಿದ್ದು ನಾನಮ್ಮ," ಅಪ್ಪ ಹೇಳಿದರು. "ನನಗೆ... ಕಣ್ಣು ಕಾಣಲ್ಲ."

ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು.

ಹಾಲಿನವಳು ಎರಡು ಹೆಜ್ಜೆ ಮುಂದೆ ಬಂದು ಅವರ ಕಣ್ಣು ನೋಡಿದಳು.

"ಕೈ ಕೂಡ್ಕೊಳ್ಳುತ್ತೆ ಬಿಡಿ. ಬಿದ್ದೋಳನ್ನ ನೋಡಿಯೂ ಯಾರೋ ಹೋದ್ರಲ್ಲಾ ಅಂತ ಅಳು ಬಂದಿತ್ತು. ನೋಡಿರಲಿಲ್ಲ ಅಂದ್ಮೇಲೆ ಇನ್ನೇನು... ಕೂತ್ಕೊಳ್ಳಿ, ಹೊಸಿಲು ಎತ್ತರ ಇದೆ, ಜೋಪಾನ."

ಅಪ್ಪ ಹೊಸಿಲ ಮುಂದೆ ತಡೆದರು. ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

"ಪುಟ್ಟೀ... ಕಾಲು ಎಲ್ಲಿಡಲಿ ಹೇಳೇ."

ಅವಳು ಓಡಿಬಂದು ಕೈ ಹಿಡಿದಳು. ಅಪ್ಪ ಬಿಡಿಸಿಕೊಳ್ಳಲಿಲ್ಲ.

ಅವರನ್ನು ಒಳಗೆ ಕೂರಿಸಿ ಹೊರಗೆ ಬಂದಾಗ ಬಣ್ಣದವನು ಇನ್ನೂ ಅಲ್ಲೇ ಇದ್ದ.

"ನಾಳೆಯಿಂದ ಅಕ್ಕನ ಹಾಲು ನಾನೇ ಮನೆಮನೆಗೆ ಹಾಕ್ತೀನಿ, ಕೈ ಕೂಡೋವರೆಗೂ," ಎಂದ. "ನನ್ನ ಪಾಲು ತೀರಿಸ್ಬೇಕಲ್ಲ."

"ನಿಮ್ಮೊಬ್ಬರ ಪಾಲಲ್ಲ. ಅರ್ಧ ಬೀದಿ ನನಗಿರಲಿ."

ಅವನು ತಲೆಯೆತ್ತಿ ನೋಡಿದ. "ಕೋಪ ಇಲ್ವಾ?"

"ಇದೆ. ಬೇಕಾದಷ್ಟಿದೆ." ಅವಳು ಕಣ್ಣೊರೆಸಿಕೊಂಡಳು. "ಆದ್ರೂ ನಿಮ್ಮನ್ನ ನೋಡದೆ ಇರೋಕಾಗಲ್ಲ. ಏನು ಮಾಡ್ಲಿ?"

"ಬೆಳಿಗ್ಗೆ ಬೇಗ ಏಳಿ," ಅವನೆಂದ. "ಹಾಲು ಒಡೆಯೋದ್ರೊಳಗೆ ಮುಗಿಸ್ಬೇಕು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.