ಮಕ್ಕಳ ಮಾತ್ರೆ ಕದ್ದವರು

ಮಾತ್ರೆ ಮತ್ತೆ ಮಾಯವಾಗಿತ್ತು.

ಇದು ಮೂರನೇ ಸಲ. ನನ್ನ ಹೆಂಡತಿ ಥಾವೊ ಔಷಧಿ ಚೀಲವನ್ನು ಅಡುಗೆಮನೆಯ ಮೇಜಿನ ಮೇಲೆ ಬೋರಲು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಜ್ವರದ ಸಿರಪ್ ಇತ್ತು. ಗಾಯಕ್ಕೆ ಅಂಟಿಸುವ ಪಟ್ಟಿ ಇತ್ತು. ಬಿಸಿಲಿನ ಕ್ರೀಮು, ಥರ್ಮಾಮೀಟರು, ಶುಂಠಿ ಮಿಠಾಯಿ ಎಲ್ಲ ಇದ್ದವು. ಹಡಗಿನ ಪ್ರವಾಸದಲ್ಲಿ ಮಕ್ಕಳಿಗೆ ತಲೆಸುತ್ತಿ ವಾಂತಿಯಾಗಬಾರದೆಂದು ತಂದಿದ್ದ ಮಾತ್ರೆಯ ಪೊಟ್ಟಣವೊಂದೇ ಇರಲಿಲ್ಲ.

"ರೂಬೆನ್, ಈ ಮನೇಲಿ ಕಳ್ಳ ಇದಾನೆ," ಅಂದಳು.

"ಟಿವಿ ಬಿಟ್ಟು ವಾಂತಿ ಮಾತ್ರೆ ಕದಿಯೋ ಕಳ್ಳ ಯಾವನೇ?"

"ಹಲ್ಲು ಕಿಸೀಬೇಡ. ಯಾರು ಅಂತ ನಂಗೂ ಗೊತ್ತು, ನಿಂಗೂ ಗೊತ್ತು."

ಅವಳು ಹೇಳುತ್ತಿದ್ದುದು ಒಡಹುಟ್ಟಿದ ತಮ್ಮ ವಿನ್ ವಿಷಯ. ವಿನ್ ಹಿಂದೆ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು, ಅಕ್ಕನ ಬಳೆ, ಅಮ್ಮನ ಸರ ಎಲ್ಲವನ್ನೂ ಮಾರಿದವನು. ಚಟ ಬಿಟ್ಟು ವರ್ಷ ದಾಟಿತ್ತು. ನಮ್ಮ ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದುಕೊಂಡು, ನನ್ನ ಜೊತೆ ಸಿಗಡಿ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಿದ್ದ. ಒಳ್ಳೆಯ ಕೆಲಸಗಾರ.

"ಬರೀ ಅನುಮಾನಕ್ಕೆ..." ಅಂತ ನಾನು ಬಾಯಿ ತೆರೆದೆ.

"ಅನುಮಾನ ಅಲ್ಲ. ಅವನ ಕಸದ ಬುಟ್ಟಿ ನೋಡ್ದೆ. ಮಾತ್ರೆಯ ಖಾಲಿ ಶೀಟುಗಳು ಅಲ್ಲೇ ಬಿದ್ದಿವೆ." ಅವಳು ಖಾಲಿ ಚೀಲವನ್ನು ದೂರ ತಳ್ಳಿದಳು. "ನನ್ನ ಮಕ್ಕಳ ಔಷಧಿನೂ ಬಿಡಲ್ವಲ್ಲ ಇವ್ನು! ಹಡಗಿಗೆ ಬರೋದು ಬೇಡ. ನಾವು ವಾಪಸ್ ಬರೋಷ್ಟರಲ್ಲಿ ಆ ಕೋಣೆ ಖಾಲಿ ಆಗಿರ್ಬೇಕು."

ಆ ಕೋಣೆ ಬಿಟ್ಟರೆ ವಿನ್‌ಗೆ ಉಳಿದಿದ್ದದ್ದು ಹಳೆಯ ಗೆಳೆಯರ ಮನೆ. ಅಲ್ಲಿಗೆ ಹೋದರೆ ಮತ್ತೆ ಎದ್ದು ಬರುವವನಲ್ಲ.

*

ಶನಿವಾರ ಗ್ಯಾಲ್ವೆಸ್ಟನ್ ಬಂದರಿನಿಂದ ನಮ್ಮ ಹಡಗು. ಸ್ಯಾನ್ ಲಿಯಾನ್‌ನ ನಮ್ಮ ಅಂಗಳದಲ್ಲಿ ನಿಂತರೆ ಕೊಲ್ಲಿಯ ನೀರು ಕಾಣುತ್ತದೆ. ಆದರೂ ಮೋಜಿಗೆಂದು ಹಡಗು ಹತ್ತಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಥಾವೊ ಚಳಿಗಾಲದಿಂದಲೇ ತಯಾರಿ ಶುರುಮಾಡಿದ್ದಳು. ಕ್ಯಾಬಿನ್ನಿನ ಗೋಡೆ ಉಕ್ಕಿನದಂತೆ, ಬಟ್ಟೆ ನೇತುಹಾಕಲು ಅಯಸ್ಕಾಂತದ ಕೊಕ್ಕೆ ಬೇಕಂತೆ. ಡೈಪರ್ ಹಾಕುವ ಮಗುವನ್ನು ಅಲ್ಲಿನ ಈಜುಕೊಳಕ್ಕೆ ಬಿಡುವುದಿಲ್ಲವಂತೆ, ಅದಕ್ಕೆ ಮೂರು ವರ್ಷದ ಮೇಸಿಗೆ ವಸಂತವೆಲ್ಲ ಶೌಚಕ್ಕೆ ಕೂರುವ ತಾಲೀಮು. ಐದು ವರ್ಷದ ಡೇಲನ್ ಜನರಲ್ಲಿ ತಪ್ಪಿಸಿಕೊಳ್ಳಬಾರದೆಂದು ಎಲ್ಲರಿಗೂ ಒಂದೇ ಥರದ ಕಿತ್ತಳೆ ಅಂಗಿ. ಬಾಲ್ಕನಿ ಬೇಡ, ಮಕ್ಕಳು ಹತ್ತುತ್ತವೆ. ಕಿಟಕಿಯಿಲ್ಲದ ಕೋಣೆಯೂ ಬೇಡ, ಬೆಳಗಾದದ್ದು ತಿಳಿಯುವುದಿಲ್ಲ. ಇವಳನ್ನು ಸೈನ್ಯಕ್ಕೆ ಕರೆದರೆ ದೇಶಕ್ಕೆ ಒಳ್ಳೆಯದು ಎಂದು ಒಮ್ಮೆ ಅಂದು ಸರಿಯಾಗಿ ಬೈಸಿಕೊಂಡಿದ್ದೆ.

ಒಂದು ಕ್ಯಾಬಿನ್ ನಮಗೆ. ಪಕ್ಕದ್ದು ಅತ್ತೆಗೂ ವಿನ್‌ಗೂ. ನಮ್ಮ ಜೊತೆಯಲ್ಲೇ ಇರುವ ಅತ್ತೆ ತುಯೆತ್ ವಿಯೆಟ್ನಾಮಿನಿಂದ ಬಂದು ಇಲ್ಲಿ ಮೂವತ್ತು ವರ್ಷ ಸಿಗಡಿ ಸುಲಿದವರು. ಮಾತು ಕಡಿಮೆ. ಹಡಗಿಗೆ ಬರುತ್ತೀರಾ, ಹಡಗೆಂದರೆ ಹೆದರಿಕೆಯಾ ಅಂದಾಗ, "ಮಕ್ಕಳು ಹೋದ್ರೆ ನಾನೂ ಹೋಗ್ತೀನಿ," ಅಂದಿದ್ದರು ಅಷ್ಟೇ.

ನಾನು ಬೇಲಿ ದಾಟಿ ಮಿಸ್ ಡೊರೀನ್ ಮನೆಗೆ ಹೋದೆ.

ಡೊರೀನ್ ಗಿಡ್ರಿ ಜಿಲ್ಲೆಯ ಶೆರಿಫ್ ಕಚೇರಿಯಲ್ಲಿ ಪತ್ತೇದಾರಿಣಿಯಾಗಿದ್ದು ನಿವೃತ್ತರಾದವರು. ಊರಲ್ಲಿ ಯಾರ ದೋಣಿ ಕಳುವಾದರೂ ಈಗಲೂ ಮೊದಲು ಇವರಲ್ಲಿಗೇ ಬರುತ್ತಾರೆ. ನನ್ನ ಮಾತೆಲ್ಲ ಕೇಳಿ, ಕಾಫಿ ಲೋಟ ಕೆಳಗಿಟ್ಟರು.

"ನಿನ್ನ ಭಾವಮೈದುನನೇ ಅಂತ ನಿಂಗೂ ಅನ್ಸುತ್ತಾ?"

"ಅನ್ಸಲ್ಲ ಮಿಸ್ ಡೊರೀನ್. ಆದ್ರೆ ಬುಟ್ಟೀಲಿ ಶೀಟು ಸಿಕ್ಕಿದೆ."

"ಬೇರೆ ಯಾರ ಮೇಲೆ ಅನುಮಾನ?"

ನಾನು ತಲೆ ಕೆರೆದುಕೊಂಡೆ. "ನಮ್ಮಕ್ಕ ಪಿಲಾರ್. ಹಡಗಲ್ಲಿ ಹೊಟ್ಟೆ ಕಾಯಿಲೆ ಹರಡುತ್ತೆ, ಹೋಗ್ಬೇಡಿ ಅಂತ ಒಂದೇ ಸಮನೆ ಬಡ್ಕೊಂಡ್ಳು. ಅವಳನ್ನ ಕರೀಲಿಲ್ಲ ಅಂತ ಮುಖ ಬೇರೆ ಊದಿಸ್ಕೊಂಡಿದಾಳೆ. ಮೊದಲ ಎರಡು ಸಲ ಮಾತ್ರೆ ಹೋದಾಗ ಮನೆಗೆ ಬಂದಿದ್ಳು."

ಮಿಸ್ ಡೊರೀನ್ ಅಲ್ಲೇ ಫೋನ್ ಮಾಡಿದರು. ಪಿಲಾರಕ್ಕನ ದನಿ ನನಗೂ ಕೇಳುವಷ್ಟು ದೊಡ್ಡದು.

"ನಾನಾ? ನಾನು ಕದಿಯೋದಾದ್ರೆ ಟಿಕೆಟ್ ಕದ್ದು ನಾನೇ ಹೋಗ್ತಿದ್ದೆ! ಭಾನುವಾರದಿಂದ ಸ್ಯಾನ್ ಆಂಟೋನಿಯೋದಲ್ಲಿ ಮಗಳ ಮನೇಲಿದೀನಿ ತಾಯಿ. ಆ ರೂಬೆನ್‌ಗೆ ಹೇಳಿ, ಬಂದು ವಿಚಾರಿಸ್ಕೋತೀನಿ ಅಂತ."

ಮೂರನೇ ಪೊಟ್ಟಣ ಕೊಂಡು ತಂದದ್ದೇ ಮಂಗಳವಾರ. ಪಿಲಾರಕ್ಕ ಪಾರಾದಳು. ನಾನು ಪಾರಾಗಲಿಲ್ಲ.

*

ವಿನ್ ಗ್ಯಾರೇಜಿನಲ್ಲಿ ಪಂಪೊಂದನ್ನು ಬಿಚ್ಚಿ ಕೂತಿದ್ದ. ನಮ್ಮಿಬ್ಬರನ್ನು ನೋಡಿದವನೇ ಕೈ ಒರೆಸಿಕೊಂಡು ಎದ್ದ.

"ಅಕ್ಕ ಹೇಳಿದ್ದು ಕೇಳಿಸ್ತು ಭಾವ. ಶನಿವಾರ ಖಾಲಿ ಮಾಡ್ತೀನಿ."

"ಮಾತ್ರೆ ತಗೊಂಡಿದ್ದು ನೀನೇನಾ?" ಮಿಸ್ ಡೊರೀನ್ ನೇರವಾಗಿ ಕೇಳಿದರು.

"ನಾನೇ ಅಂತ ಇಟ್ಕೊಳಿ."

"ತಿಂದ್ಯಾ?"

"ಹೂಂ."

"ಯಾವ ರುಚಿ?"

ಅವನು ತಬ್ಬಿಬ್ಬಾದ. "ರುಚಿ ಏನು ಬಂತು... ಕಹಿ. ಮಾತ್ರೆ ಅಲ್ವಾ."

ಹೊರಗೆ ಬಂದ ಮೇಲೆ ಮಿಸ್ ಡೊರೀನ್ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅವು ಮಕ್ಕಳು ಜಗಿಯೋ ಮಾತ್ರೆ ಕಣೋ. ದ್ರಾಕ್ಷಿ ರುಚಿ, ಸಕ್ಕರೆ ಥರ ಸಿಹಿ. ಈ ಹುಡುಗ ಒಂದನ್ನೂ ಬಾಯಿಗೆ ಹಾಕಿಲ್ಲ."

"ಮತ್ತೆ ಒಪ್ಕೊಂಡಿದ್ದು?"

"ಯಾರನ್ನೋ ಕಾಪಾಡ್ತಿದಾನೆ."

*

ಅಡುಗೆಮನೆಯಲ್ಲಿ ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದರು. ಥಾವೊ ಸೂಟ್‌ಕೇಸ್ ತೋರಿಸಿದಳು. ಮಿಸ್ ಡೊರೀನ್ ನನ್ನ ಶೇವಿಂಗ್ ಚೀಲದ ಜಿಪ್ ಎಳೆದರು. ಅದರಲ್ಲಿ ದೊಡ್ಡವರ ವಾಂತಿ ಮಾತ್ರೆಯ ಪೊಟ್ಟಣ ಒಡೆಯದೆ ಹಾಗೇ ಇತ್ತು.

"ಇದು ಯಾವತ್ತಿಂದ ಇಲ್ಲಿದೆ?"

"ಮೊದಲಿಂದ್ಲೂ," ಅಂದೆ.

"ಅದೇ ಔಷಧಿ. ಮಕ್ಕಳದಕ್ಕಿಂತ ಜೋರು. ಅಮಲು ಬೇಕಾದವನು ಇದನ್ನ ಬಿಟ್ಟು ಮಕ್ಕಳ ಪೆಪ್ಪರ್‌ಮೆಂಟ್ ತಗೋತಾನಾ?"

ಥಾವೊ ಅಷ್ಟು ಬೇಗ ಸೋಲುವವಳಲ್ಲ. "ಶೀಟು?" ಅಂದಳು.

"ಅದಕ್ಕೂ ಬರ್ತೀನಿ. ಈ ಶುಂಠಿ ಮಿಠಾಯಿ ಯಾತಕ್ಕೆ?"

"ಅದೂ ವಾಂತಿಗೇ. ಆದ್ರೆ ಅದರಿಂದ ನಿದ್ದೆ ಬರಲ್ಲ. ಮಾತ್ರೆಯಾದ್ರೆ..." ಥಾವೊ ಅರೆ ನಕ್ಕಳು. "ಒಂದು ಕೊಟ್ರೆ ಸಾಕು, ಮಕ್ಕಳು ಗಪ್‌ಚುಪ್ ಮಲಗ್ತವೆ, ನಾವು ನೆಮ್ಮದಿಯಾಗಿ ಊಟ ಮಾಡ್ಬೋದು ಅಂತ ಎಲ್ಲ ತಾಯಂದಿರೂ ಹೇಳ್ತಾರೆ."

"ನೀನೂ ಹೇಳಿದ್ಯಾ? ಪ್ರತಿ ಸಲ ತಂದಾಗ?"

"ತಮಾಷೆಗೆ ಹೇಳಿರ್ಬೋದು. ಇಲ್ಲೇ, ಅಡುಗೆಮನೇಲಿ. ಯಾಕೆ?"

ಬೀನ್ಸ್ ಮುರಿಯುವ ಸದ್ದು ನಿಂತಿತ್ತು. ನಾನದನ್ನು ಗಮನಿಸಲಿಲ್ಲ. ಮಿಸ್ ಡೊರೀನ್ ಗಮನಿಸಿದರೆಂದು ಆಮೇಲೆ ತಿಳಿಯಿತು.

ಅವರು ಹಿತ್ತಲಿಗೆ ಹೋಗಿ ಮಕ್ಕಳ ಪಕ್ಕ ಹುಲ್ಲಿನ ಮೇಲೆ ಕಷ್ಟಪಟ್ಟು ಕೂತರು. ಡೇಲನ್ ಕಿತ್ತಳೆ ಅಂಗಿಯನ್ನು ಈಗಲೇ ತೊಟ್ಟು ಕಲೆ ಮಾಡಿಕೊಂಡಿದ್ದ.

"ಹಡಗಲ್ಲಿ ಮಧ್ಯಾಹ್ನ ಮಲಗ್ತೀರೇನೋ?"

"ನಾನು ಮಲಗಲ್ಲ. ಮೇಸಿ ಮಲಗ್ತಾಳೆ. ಆದ್ರೆ ಅಜ್ಜಿ ಎಬ್ಬಿಸ್ಬಿಡ್ತಾರೆ."

"ಹೆಂಗೆ ಎಬ್ಬಿಸ್ತಾರೆ?"

ಮೇಸಿ ತನ್ನ ಪುಟ್ಟ ಬೆರಳನ್ನು ಮಿಸ್ ಡೊರೀನ್ ಮೂಗಿನ ಕೆಳಗೆ ಹಿಡಿದಳು. "ಹಿಂಗೆ. ಕಚಗುಳಿ ಆಗುತ್ತೆ."

"ನಂಗೂ ಹಿಂಗೇ ಮಾಡ್ತಾರೆ," ಅಂದ ಡೇಲನ್. "ಕೆಲವು ಸಲ ಕಾಲು ಅಲ್ಲಾಡಿಸ್ತಾರೆ. ನಾನು 'ಏನಜ್ಜೀ' ಅಂದ್ರೆ, 'ಏನಿಲ್ಲ, ಮಲಕ್ಕೋ' ಅಂತಾರೆ."

ನನಗೂ ಇದು ಗೊತ್ತಿದ್ದ ವಿಷಯವೇ. ಮುದುಕಿಗೆ ಮೊಮ್ಮಕ್ಕಳ ಮೇಲೆ ಅತಿ ಮೋಹ ಎಂದು ನಾವು ನಗುತ್ತಿದ್ದೆವು. ಮಿಸ್ ಡೊರೀನ್ ನಗಲಿಲ್ಲ. ನನ್ನ ಕೈ ಹಿಡಿದು ಎದ್ದು ನಿಂತಾಗ ಅವರ ಕಣ್ಣು ಒದ್ದೆಯಾಗಿತ್ತು.

*

"ವಿನ್‌ನ ಕರಿ," ಅಂದರು.

ಅವನು ಬಂದು ಬಾಗಿಲಲ್ಲೇ ನಿಂತ. ಥಾವೊ ಅವನ ಕಡೆ ನೋಡಲಿಲ್ಲ. ಮಿಸ್ ಡೊರೀನ್ ಕುರ್ಚಿಯೆಳೆದು ಅತ್ತೆಯ ಎದುರಿಗೆ ಕೂತು ಎರಡು ಹಿಡಿ ಬೀನ್ಸ್ ತಮ್ಮ ಮಡಿಲಿಗೂ ಹಾಕಿಕೊಂಡರು.

"ಕದ್ದವರಿಗೆ ಅಮಲು ಬೇಕಿರ್ಲಿಲ್ಲ. ಬೇಕಿದ್ರೆ ದೊಡ್ಡವರ ಮಾತ್ರೆ ಹೋಗ್ತಿತ್ತು. ಪ್ರವಾಸ ನಿಲ್ಸೋ ಉದ್ದೇಶನೂ ಅಲ್ಲ. ಪಾಸ್‌ಪೋರ್ಟು ಟಿಕೆಟ್ಟು ಎಲ್ಲ ಅದೇ ಪೆಟ್ಟಿಗೇಲಿವೆ, ಯಾರೂ ಮುಟ್ಟಿಲ್ಲ. ವಾಂತಿಗೆ ಔಷಧಿ ಕೊಡ್ಬಾರ್ದು ಅಂತನೂ ಅಲ್ಲ, ಶುಂಠಿ ಮಿಠಾಯಿ ಹಾಗೇ ಇದೆ. ಒಂದೇ ಒಂದು ಬೇಡವಾಗಿತ್ತು. ಮಕ್ಕಳಿಗೆ ನಿದ್ದೆ ಬರ್ಸೋ ಮದ್ದು. ಮಲಗಿರೋ ಮಗು ಉಸಿರಾಡ್ತಿದೆಯಾ ಅಂತ ಬೆರಳಿಟ್ಟು ನೋಡೋರು ಈ ಮನೇಲಿ ಒಬ್ರೇ."

ಥಾವೊ ನಿಧಾನವಾಗಿ ತಾಯಿಯ ಕಡೆ ತಿರುಗಿದಳು.

"ಎಂಬತ್ತರ ದಶಕದಲ್ಲಿ ನಾನು ಹೊಸ ಪೊಲೀಸು," ಮಿಸ್ ಡೊರೀನ್ ಮುಂದುವರಿಸಿದರು. "ಈ ಕೊಲ್ಲಿ ಸುತ್ತ, ಯುದ್ಧ ಆದ್ಮೇಲೆ ವಿಯೆಟ್ನಾಮಿನಿಂದ ದೋಣೀಲಿ ತಪ್ಪಿಸ್ಕೊಂಡು ಬಂದಿದ್ದ ಎಷ್ಟೋ ಜನರ ಅಡುಗೆಮನೇಲಿ ಕೂತಿದೀನಿ. ದಾರೀಲಿ ಕಳ್ಕೊಂಡ ಮಕ್ಕಳ ಬಗ್ಗೆ ಕೆಲವರು ಹೇಳ್ತಿದ್ರು. ಕೆಲವರು ಹೇಳ್ತಿರ್ಲಿಲ್ಲ." ಅವರು ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟರು. "ಮಿಸ್ ತುಯೆತ್, ನಿಮ್ಮ ಮೊದಲನೇ ಮಗು ಹೆಣ್ಣಾ, ಗಂಡಾ?"

"ಮೊದಲನೇದು ನಾನೇ ಅಲ್ವಾ?" ಅಂದಳು ಥಾವೊ.

ಅತ್ತೆ ಇನ್ನೊಂದು ಬೀನ್ಸ್ ಮುರಿದು ಮಡಿಲಿಗೆ ಹಾಕಿದರು. ಆಮೇಲೆ, "ಹೆಣ್ಣು," ಅಂದರು.

ಅತ್ತೆ ತಮ್ಮ ಭಾಷೆಗೆ ಹೊರಳಿಕೊಂಡರು. ಇಷ್ಟು ವರ್ಷದಲ್ಲಿ ನನಗೂ ಅದು ತಿಳಿಯುವಷ್ಟಾಗಿದೆ. ಮಿಸ್ ಡೊರೀನ್‌ಗೆ ನಾನು ಮೆಲ್ಲಗೆ ಅರ್ಥ ಹೇಳುತ್ತ ಹೋದೆ.

"ಲಿಯೆನ್ ಅಂತ ಹೆಸರು. ಮೇಸಿಯಷ್ಟೇ ಇದ್ಳು. ನದಿ ಕಡಲು ಸೇರೋ ಕಡೆ ಕಾವಲು ಠಾಣೆ. ಒಂದು ಮಗು ಅತ್ರೂ ದೋಣೀಲಿದ್ದೋರೆಲ್ಲ ಹೋದ ಹಾಗೆ. ದೋಣಿಯವನು ತಾಯಂದಿರಿಗೆಲ್ಲ ನಿದ್ದೆ ಮಾತ್ರೆ ಹಂಚಿದ. ಅರ್ಧ ಕೊಡಿ ಅಂದ. ಅರ್ಧ ಕೊಟ್ಟೆ. ಅವಳು ಮಲಗ್ಲಿಲ್ಲ, ಅಮ್ಮಾ ಅಮ್ಮಾ ಅಂತಿದ್ಳು. ಎಲ್ಲರೂ ನನ್ನೇ ನೋಡ್ತಿದ್ರು. ಇನ್ನರ್ಧನೂ ಕೊಟ್ಟೆ."

ಅವರ ಮಡಿಲಿನಿಂದ ಬೀನ್ಸ್ ನೆಲಕ್ಕೆ ಜಾರಿತು. ಹೆಕ್ಕಲು ಬಗ್ಗಿದ ವಿನ್ ಹಾಗೇ ಅಮ್ಮನ ಕಾಲ ಬಳಿ ಕೂತುಬಿಟ್ಟ.

"ಕಡಲಿಗೆ ಬಂದ್ಮೇಲೆ ಎಲ್ಲ ಮಕ್ಕಳೂ ಎದ್ವು. ನನ್ನ ಮಗಳು ಏಳ್ಲಿಲ್ಲ. ಹಡಗು ಅಂದ್ರೆ ಹೆದರಿಕೆಯಾ ಅಂತ ನೀವು ಕೇಳಿದ್ರಿ. ಹಡಗು ಏನು ಮಾಡುತ್ತೆ? ಕಡಲು ಅವಳನ್ನ ಏನೂ ಮಾಡ್ಲಿಲ್ಲ. ನನ್ನ ಕೈ ಮಾಡ್ತು."

"ಅಮ್ಮಾ," ಥಾವೊ ಅವರ ಕೊರಳು ತಬ್ಬಿಕೊಂಡಳು. "ನಂಗೆ ಹೇಳ್ಬಾರ್ದಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಎಷ್ಟು ಖುಷಿಯಿಂದ ಪೆಟ್ಟಿಗೆ ತುಂಬ್ತಿದ್ದೆ. ಅದರ ಮೇಲೆ ಇದನ್ನ ಹೇಗೆ ಸುರೀಲಿ?"

ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಇಂಜಿನ್ ರಿಪೇರಿ ಮಾಡುವ ಗಂಡಸು ಅಳುವುದನ್ನು ಮಿಸ್ ಡೊರೀನ್ ನೋಡುವುದು ಬೇಡವೆಂದು. ಅವರೂ ಮೂಗೊರೆಸಿಕೊಳ್ಳುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಥಾವೊ ತಮ್ಮನನ್ನು ನೋಡಿದಳು. "ನಿಂಗೆ ಗೊತ್ತಿತ್ತು."

"ಲಿಯೆನ್ ವಿಷಯ ಗೊತ್ತಿರ್ಲಿಲ್ಲ ಅಕ್ಕ. ಅಮ್ಮ ಸಿಂಕಿನ ಹತ್ರ ನಿಂತು ಮಾತ್ರೆ ಒಂದೊಂದಾಗಿ ನೀರಿಗೆ ಬಿಡೋದು ನೋಡಿದ್ದೆ. ಶೀಟು ಅಡುಗೆಮನೆ ಕಸದಲ್ಲಿ ಕಾಣ್ತಿತ್ತು. ನೀನು ನೋಡ್ತೀಯ ಅಂತ ತಗೊಂಡೋಗಿ ನನ್ನ ಬುಟ್ಟಿಗೆ ಹಾಕ್ದೆ."

"ನಿನ್ನನ್ನ ಮನೆಯಿಂದ ಆಚೆ ಹಾಕ್ತಿದ್ನಲ್ಲೋ! ಆಗ್ಲೂ ಬಾಯಿ ಬಿಡ್ಲಿಲ್ವಲ್ಲ!"

ವಿನ್ ಭುಜ ಹಾರಿಸಿದ. "ಕಳ್ಳ ಅನ್ನಿಸ್ಕೊಂಡು ನಂಗೆ ಅಭ್ಯಾಸ ಇದೆ. ಅಮ್ಮಂಗೆ ಇಲ್ಲ."

ಥಾವೊ ಎದ್ದು ಹೋಗಿ ಅವನ ಬೆನ್ನಿಗೆ ಎರಡು ಗುದ್ದು ಗುದ್ದಿದಳು. ಮೂರನೆಯದಕ್ಕೆ ಕೈಯೆತ್ತಿದವಳು ಅವನ ಭುಜಕ್ಕೆ ಹಣೆಯಿಟ್ಟು ಬಿಕ್ಕಿದಳು. "ತಪ್ಪಾಯ್ತು ಕಣೋ. ನೀನು ಎಲ್ಲೂ ಹೋಗ್ಬೇಡ," ಅಂದಳು. ನಮ್ಮ ಮದುವೆಯಾದಾಗಿನಿಂದ ಥಾವೊ ಬಾಯಲ್ಲಿ 'ತಪ್ಪಾಯ್ತು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

*

ಹಡಗಿಗೆ ನಾವು ಆರು ಜನರೂ ಹತ್ತಿದೆವು. ನಿದ್ದೆ ಬರಿಸುವ ಮಾತ್ರೆ ಒಂದೂ ಇರಲಿಲ್ಲ. ಶುಂಠಿ ಮಿಠಾಯಿ ಧಾರಾಳವಾಗಿತ್ತು. ಆದರೂ ಡೇಲನ್ ಮೊದಲ ಸಂಜೆಯೇ ನನ್ನ ಒಳ್ಳೆಯ ಪ್ಯಾಂಟಿನ ಮೇಲೆ ವಾಂತಿ ಮಾಡಿದ.

ಎರಡನೆಯ ಸಂಜೆ ದೊಡ್ಡ ಊಟದ ಕೋಣೆಯಲ್ಲಿ ಮೇಸಿ ರಂಪ ತೆಗೆದಳು. ಕಾರಣ, ಅವಳ ಪಾಸ್ತಾದ ಮೇಲೆ ಯಾರೋ ಹಸಿರು ಸೊಪ್ಪು ಉದುರಿಸಿದ್ದರು. ಬಿಳಿ ಮೇಜುಬಟ್ಟೆ, ಮೇಣದ ದೀಪ, ಅಂದವಾಗಿ ಸಿಂಗರಿಸಿಕೊಂಡ ಜನ. ಸುತ್ತಲಿನ ಮೇಜುಗಳಿಂದ ತಲೆಗಳು ತಿರುಗತೊಡಗಿದವು. ಥಾವೊ ಮುಖ ಕೆಂಪಾಯಿತು.

"ಶ್... ಮೇಸಿ, ಎಲ್ಲರೂ ನೋಡ್ತಿದಾರೆ. ಸುಮ್ನಿರು ಚಿನ್ನಾ..." ಅವಳು ಮಗುವಿನ ಬಾಯಿ ಮುಚ್ಚಲು ಕೈ ಚಾಚಿದಳು.

ಅತ್ತೆ ಮೇಜಿನಾಚೆಯಿಂದ ಕೈ ಚಾಚಿ ಮಗಳ ಮಣಿಕಟ್ಟು ಹಿಡಿದರು.

"ನೋಡ್ಲಿ ಬಿಡು," ಅಂದರು. "ಅವಳು ಅಳ್ಲಿ."

ಥಾವೊ ಕೈ ಹಿಂದಕ್ಕೆ ತೆಗೆದುಕೊಂಡಳು. ವಿನ್ ಎದ್ದು ಮೇಸಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಗಿನ ಪಡಸಾಲೆಯಲ್ಲಿ ಸುತ್ತಾಡಿಸಲು ಹೋದ. ಅವಳ ಕೂಗು ದೂರ ಹೋಯಿತು, ತಿರುಗಿ ಹತ್ತಿರ ಬಂತು, ಮತ್ತೆ ದೂರ ಹೋಯಿತು. ಅತ್ತೆ ಊಟ ನಿಲ್ಲಿಸಿ, ಆ ಕೂಗು ಮುಗಿಯುವವರೆಗೂ ಅದನ್ನೇ ಕೇಳುತ್ತ ಕೂತಿದ್ದರು.