ಮಾಸ್ತರರ ಷಡ್ಜ

ನಾನು ಕುಂದಗೋಳದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು, ದೆವ್ವಗಿವ್ವ ನಂಬುವವನಲ್ಲ. ಹೋದ ವರ್ಷ ಸಂಗೀತದ ಮಾಸ್ತರರು ತೀರಿಕೊಂಡರು. ಅವರು ಹಾಡಿಟ್ಟ ಪಾಠಗಳೆಲ್ಲ ಇದ್ದ ಲ್ಯಾಪ್‌ಟಾಪು ಶುರುವಾಗುವಾಗಲೇ ನಿಂತುಬಿಡುತ್ತದೆಂದು ಅವರ ಹೆಂಡತಿ ಕಸ್ತೂರೆವ್ವ ಒಂದು ಮಧ್ಯಾಹ್ನ ನನ್ನನ್ನು ಮನೆಗೆ ಕರೆಸಿದರು.

ಆರು ಸಲ ಹಚ್ಚಿದೆ. ಆರು ಸಲವೂ ಪರದೆಯ ಮೇಲೆ ತಿರುಗುವ ಚುಕ್ಕಿಗಳು ಒಂದೇ ಜಾಗದಲ್ಲಿ ನಿಂತವು. ಒಳಗಿನಿಂದ ಗುಂಯ್ ಎಂಬ ಸದ್ದು. ಯಂತ್ರವನ್ನು ತಂಪಾಗಿಡುವ ಫ್ಯಾನು ಕೆಟ್ಟಿರಬೇಕೆಂದು ಅದನ್ನು ಬಿಚ್ಚಿ ತೆಗೆದು ಮತ್ತೆ ಹಚ್ಚಿದೆ. ಚುಕ್ಕಿಗಳು ನಿಂತವು, ಸದ್ದು ನಿಲ್ಲಲಿಲ್ಲ.

ಕಸ್ತೂರೆವ್ವ ಕಿವಿಗೊಟ್ಟು ಕೇಳಿದರು. “ತಮ್ಮಾ, ಇದು ನಮ್ಮವರ ಷಡ್ಜ. ತಂಬೂರಿ ಶ್ರುತಿ ಕೂಡೂತನಕ ಅವರು ಎಂದೂ ಬಾಯಿ ತಗದವರಲ್ಲ.”

“ಹಂಗಾರ ಕೂಡಿಸ್ರಿ, ಅವ್ವಾರ,” ಎಂದೆ, ಚೇಷ್ಟೆಗೆ.

ಅವರು ಮೂಲೆಯಲ್ಲಿದ್ದ ತಂಬೂರಿಯ ಗವಸು ತೆಗೆದು, ಕುಳಿತು, ಬಿರಡೆ ತಿರುವಿದರು. ಜೋಡಿ ತಂತಿ ಆ ಸದ್ದಿನೊಂದಿಗೆ ಒಂದಾದ ಕ್ಷಣ ಚುಕ್ಕಿಗಳು ತಿರುಗಿದವು, ಪರದೆ ತೆರೆಯಿತು. ನನಗೇ ತಿಳಿಯದಂತೆ ಕೈಮುಗಿದಿದ್ದೆ.

ಆ ಗಾಬರಿಯಲ್ಲಿ ಬಿಚ್ಚಿದ ಫ್ಯಾನನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ಅದು ಇನ್ನೂ ನನ್ನ ಅಂಗಡಿಯಲ್ಲೇ ಇದೆ. ಶಿಷ್ಯರು ಆ ಲ್ಯಾಪ್‌ಟಾಪಿನಲ್ಲಿ ದಿನಾ ತಾಸುಗಟ್ಟಲೆ ಪಾಠ ಕೇಳುತ್ತಾರೆ. ಅದು ಒಮ್ಮೆಯೂ ಬಿಸಿಯಾಗಿಲ್ಲ.